ಆರು ವರ್ಷ, ಒಂದೇ ಲೆನ್ಸ್: ಮನೆಯವರ ಚಿತ್ರಗಳಿಗೆ 50 ಮಿ.ಮೀ. ಎಫ್/1.8 ಎಷ್ಟರಮಟ್ಟಿಗೆ ಒದಗಿತು

ಮಗಳು ಹುಟ್ಟುವುದಕ್ಕೆ ಎರಡು ತಿಂಗಳು ಮುಂಚೆ ನಾನು ಜೂಮ್ ಇಲ್ಲದ ಈ 50 ಮಿ.ಮೀ. ಎಫ್/1.8 ಲೆನ್ಸನ್ನು ಕೊಂಡೆ. 50 ಮಿ.ಮೀ. ಎಂಬುದು ಅದರ ನಾಭಿದೂರ, ಈ ಅಂಕಿ ದೊಡ್ಡದಾದಷ್ಟೂ ಲೆನ್ಸಿನ ನೋಟ ಇಕ್ಕಟ್ಟು; ಎಫ್/1.8 ಎಂಬುದು ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಷ್ಟು ತೆರೆಯುತ್ತದೆಂಬುದರ ಅಳತೆ, ಈ ಅಂಕಿ ಚಿಕ್ಕದಾದಷ್ಟೂ ಕಿಂಡಿ ಅಗಲ. ಕಳೆದ ತಿಂಗಳು ಅವಳ ಮೊದಲ ಹಾಲುಹಲ್ಲು ಬಿತ್ತು. ನಡುವಿನ ಆರು ಚಿಲ್ಲರೆ ವರ್ಷಗಳಲ್ಲಿ ಮನೆಯಲ್ಲಿ ನಡೆದ ಸಂತೋಷದ ಸಂಗತಿಗಳಲ್ಲಿ ಹೆಚ್ಚಿನವು, ಅಂದರೆ ಮಗುವಿನ ಮೊದಲ ನಗು, ಮೊದಲ ಹೆಜ್ಜೆ, ತಂಗಿಯ ಮದುವೆ, ತಮ್ಮನ ಪದವಿ ಪ್ರದಾನ ಎಲ್ಲವೂ, ಇದೇ ಗಾಜಿನ ಮೂಲಕ ಹಾದುಹೋಗಿವೆ. ತಯಾರಕರ ಹೆಸರನ್ನು ನಾನು ಬರೆಯುತ್ತಿಲ್ಲ. ಹೆಸರಾಂತ ಕ್ಯಾಮೆರಾ ಕಂಪನಿಗಳಲ್ಲಿ ಬಹುತೇಕ ಎಲ್ಲರ ಬಳಿಯೂ ಈ ಅಳತೆಯ ಲೆನ್ಸ್ ಇದೆ, ಮತ್ತು ನಾನು ಹೇಳಹೊರಟಿರುವ ಗುಣದೋಷಗಳಲ್ಲಿ ಹೆಚ್ಚಿನವು ಆ ಅಳತೆಗೇ ಸೇರಿದವು.

ಮೊದಲು ಬೆಳಕಿನ ವಿಚಾರ, ಏಕೆಂದರೆ ಕೊಂಡದ್ದೇ ಅದಕ್ಕಾಗಿ. ಕ್ಯಾಮೆರಾದ ಜೊತೆ ಬಂದಿದ್ದ ಕಿಟ್ ಲೆನ್ಸ್ ಪೂರ್ತಿ ಜೂಮ್ ಮಾಡಿದಾಗ ಎಫ್/5.6ಕ್ಕಿಂತ ಅಗಲವಾಗಿ ತೆರೆಯುತ್ತಿರಲಿಲ್ಲ. ಒಳಬರುವ ಬೆಳಕು ಅಪರ್ಚರಿನ ವ್ಯಾಸದ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ, ಎಫ್/1.8 ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ. ಒಂದೇ ದೀಪ ಉರಿಯುತ್ತಿರುವ ಕೋಣೆಯಲ್ಲಿ ಸೆಕೆಂಡಿನ 1/20ರ ಶಟರ್ ವೇಗಕ್ಕೆ ಕೈಕಾಲೆಲ್ಲ ಮಸುಕಾಗುತ್ತಿದ್ದ ಮಗುವನ್ನು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸದೆಯೇ 1/200ರಲ್ಲಿ ಹಿಡಿಯಬಹುದಾಯಿತು. ಫ್ಲಾಶ್ ಬಳಸುವ ಪ್ರಮೇಯವೇ ಬರಲಿಲ್ಲ. ಮಲಗಿರುವ ಹಸುಗೂಸಿನ ಮುಖದ ಮೇಲೆ ಫ್ಲಾಶ್ ಹೊಡೆದರೆ ಚಿತ್ರ ಸಿಗುತ್ತದೆ, ಆದರೆ ಆಮೇಲಿನ ಒಂದು ಗಂಟೆ ಮಗುವನ್ನು ಎತ್ತಿಕೊಂಡು ತಿರುಗಬೇಕಾಗುತ್ತದೆ.

ಮೊದಲ ಅಡಚಣೆ ಎದುರಾದದ್ದೂ ಹಸುಗೂಸಿನ ದಿನಗಳಲ್ಲೇ. ಹೊಸದಾಗಿ ಹುಟ್ಟಿದ ಮಗುವಿಗೆ ಸುಮಾರು 20ರಿಂದ 30 ಸೆಂ.ಮೀ. ದೂರದ ಮುಖಗಳಷ್ಟೇ ಚೆನ್ನಾಗಿ ಕಾಣುತ್ತವೆ. ನನ್ನ ಲೆನ್ಸಿನ ಕನಿಷ್ಠ ಫೋಕಸ್ ದೂರವಾದರೋ 45 ಸೆಂ.ಮೀ. ಮಗು ನನ್ನನ್ನು ಕಾಣುವಷ್ಟು ಹತ್ತಿರ ಹೋದರೆ ಲೆನ್ಸಿಗೆ ಮಗು ಕಾಣದು, ಲೆನ್ಸಿಗೆ ಕಾಣುವಷ್ಟು ಹಿಂದೆ ಸರಿದರೆ ಮಗುವಿಗೆ ನಾನು ಬರಿಯ ನೆರಳು, ಅದೂ ಮುಖದ ಜಾಗದಲ್ಲಿ ಕಪ್ಪು ಡಬ್ಬಿ ಹಿಡಿದ ನೆರಳು. ಆರರಿಂದ ಎಂಟು ವಾರಗಳ ನಡುವೆ ಮಕ್ಕಳು ಎದುರಿನವರ ಮುಖ ನೋಡಿ ನಗಲು ತೊಡಗುತ್ತಾರೆಂದು ಓದಿ ನಾನು ವಾರಗಟ್ಟಲೆ ಕಾದೆ. ಕೊನೆಗೆ ಆ ನಗು ಬಂದದ್ದು ನನ್ನ ಕಡೆಗಲ್ಲ, ತೊಡೆಯ ಮೇಲೆ ಮಲಗಿಸಿಕೊಂಡು ಮಾತಾಡಿಸುತ್ತಿದ್ದ ನನ್ನ ಅಮ್ಮನ ಕಡೆಗೆ. ಅಮ್ಮನ ಹೆಗಲ ಮೇಲಿಂದ ಬಗ್ಗಿ ತೆಗೆದ ಆ ಚಿತ್ರದ ಒಂದು ಅಂಚಿನಲ್ಲಿ ಅವರ ಕೆನ್ನೆಯ ಹೊರರೇಖೆಯೂ ಕಿವಿಯ ಓಲೆಯೂ ಮಸುಕಾಗಿ ಬಂದಿವೆ, ಅವುಗಳ ಆಚೆ ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದಿದೆ. ಎದುರಿನಿಂದ ತೆಗೆದಿದ್ದರೆ ಮಗು ಯಾರಿಗೆ ನಗುತ್ತಿತ್ತೆಂಬುದು ದಾಖಲಾಗುತ್ತಿರಲಿಲ್ಲ. ಅಂದಿನಿಂದ ಮಗುವಿನ ಎದುರಿಗೆ ನಾನು ಕೂರುವುದನ್ನು ಬಿಟ್ಟು, ಬೇರೆ ಯಾರನ್ನಾದರೂ ಕೂರಿಸಿ ಅವರ ಬೆನ್ನ ಹಿಂದೆ ನಿಲ್ಲುವುದನ್ನು ರೂಢಿಸಿಕೊಂಡೆ.

ಫೋಕಸಿನ ಆಳ ಎಷ್ಟು ತೆಳು ಎಂಬುದು ಅಂಕಿ ಹಾಕಿ ನೋಡುವವರೆಗೆ ತಲೆಗೆ ಹೋಗುವುದಿಲ್ಲ. ನನ್ನದು ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾ, ಅಂದರೆ ಚಿತ್ರ ಹಿಡಿಯುವ ಫಲಕ 35 ಮಿ.ಮೀ. ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದಾಗಿರುವಂಥದು. ಅದರಲ್ಲಿ ಒಂದೂವರೆ ಮೀಟರ್ ದೂರದಿಂದ ಎಫ್/1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವ ವಲಯದ ದಪ್ಪ ಹೆಚ್ಚೆಂದರೆ 6 ಸೆಂ.ಮೀ. ಮಗು ಸುಮ್ಮನೆ ಕೂತಿದ್ದರೆ ಅಷ್ಟು ಸಾಕು, ಮಗು ನನ್ನತ್ತ ನಡೆದುಬರುತ್ತಿದ್ದರೆ ಏನೇನೂ ಸಾಲದು. ಹದಿಮೂರನೆಯ ತಿಂಗಳಲ್ಲಿ ಒಂದು ಸಂಜೆ ಅವಳು ಕುರ್ಚಿಯನ್ನು ಬಿಟ್ಟು ನಾಲ್ಕು ಹೆಜ್ಜೆ ಇಟ್ಟಳು. ಕ್ಯಾಮೆರಾ ಕೈಯಲ್ಲೇ ಇತ್ತು, ಲೆನ್ಸ್ ಸದಾಕಾಲದಂತೆ ಎಫ್/1.8ರಲ್ಲೇ ಇತ್ತು. ಒಂಬತ್ತು ಚಿತ್ರ ಸಿಕ್ಕವು. ಅವುಗಳಲ್ಲಿ ಅತ್ಯಂತ ಸ್ಪಷ್ಟವಾಗಿ, ಮರದ ಗೆರೆಗಳೂ ಎಣಿಸಲು ಬರುವಷ್ಟು ಸ್ಪಷ್ಟವಾಗಿ ಕಾಣುವುದು ಆ ಕುರ್ಚಿಯ ಕಾಲು. ಲೆನ್ಸಿನ ಹಳೆಯ ಮೋಟಾರು ಮುಖವನ್ನು ಹುಡುಕುತ್ತ ಹಿಂದೆ ಮುಂದೆ ಗರಗರನೆ ತಿರುಗುತ್ತಿದ್ದ ಹೊತ್ತಿಗೆ ಅವಳು ದಾಟಿ ಬಂದಿದ್ದಳು. ಚಲಿಸುವ ಮಕ್ಕಳಿಗೆ ಎಫ್/2.8, 1/500 ಹಾಗೂ ನಿರಂತರ ಫೋಕಸ್ ಎಂಬ ಸೂತ್ರವನ್ನು ನಾನು ಕಲಿತದ್ದು ಆ ಚಿತ್ರಗಳನ್ನು ನೋಡಿದ ಮೇಲೆ. ನಾಲ್ಕನೆಯ ವರ್ಷ ಕಣ್ಣು ಗುರುತಿಸುವ ಹೊಸ ಕ್ಯಾಮೆರಾ ಬಂದ ನಂತರ ಈ ತೊಂದರೆ ಬಹಳಮಟ್ಟಿಗೆ ಇಳಿಯಿತು, ಆದರೆ ಮೊದಲ ಹೆಜ್ಜೆ ಎರಡನೆಯ ಸಲ ಬರುವುದಿಲ್ಲವಲ್ಲ.

ಈಗ ಈ ವಿಮರ್ಶೆಯನ್ನು ಬರೆಯಲು ನನ್ನನ್ನು ಕೂರಿಸಿದ ಸಂಗತಿಗೆ ಬರುತ್ತೇನೆ. ಈ ಲೆನ್ಸನ್ನು ಕೊಂಡವರೆಲ್ಲ ಮೊದಲು ಮರುಳಾಗುವುದು ಹಿನ್ನೆಲೆ ಬೆಣ್ಣೆಯಂತೆ ಕರಗುವುದಕ್ಕೆ. ನಾನೂ ಮರುಳಾದೆ. ಮೊದಲ ಮೂರು ವರ್ಷಗಳ ಚಿತ್ರಗಳಲ್ಲಿ ದಾಖಲಾಗಿರುವ ಅಪರ್ಚರನ್ನು ನೋಡುತ್ತ ಹೋದರೆ ಎಫ್/1.8, ಎಫ್/1.8, ಎಫ್/2, ಮತ್ತೆ ಎಫ್/1.8. ಆಮೇಲೆ ನಾವು ಮನೆ ಬದಲಿಸಿದೆವು. ಮಗಳು ಹಳೆಯ ಮನೆ ಹೇಗಿತ್ತೆಂದು ಕೇಳಿದಾಗ ತೋರಿಸೋಣವೆಂದು ಚಿತ್ರಗಳನ್ನು ತೆರೆದೆ. ಅವಳ ಮುಖ ನೂರಾರು ಇವೆ, ಒಂದೊಂದು ರೆಪ್ಪೆಗೂದಲೂ ಕಾಣುತ್ತದೆ. ಮನೆ ಮಾತ್ರ ಎಲ್ಲಿಯೂ ಇಲ್ಲ. ಪುಸ್ತಕದ ಕಪಾಟು ಇದ್ದಲ್ಲಿ ಕಂದು ಮಂಜು, ಕಿಟಕಿ ಇದ್ದಲ್ಲಿ ಬಿಳಿಯ ಹೊಳಪು, ಅವಳು ಗೀಚಿದ್ದ ಗೋಡೆಯ ಮೇಲೆ ಗೀಚಿದ್ದೇ ಕಾಣುವುದಿಲ್ಲ.

ಅದಕ್ಕಿಂತ ಹೆಚ್ಚಾಗಿ ಕಾಡುವುದು ಅವಳ ಎರಡನೆಯ ಹುಟ್ಟುಹಬ್ಬದ ಚಿತ್ರ. ಮೇಣದಬತ್ತಿ ಊದಲು ಕೆನ್ನೆ ಉಬ್ಬಿಸಿಕೊಂಡಿದ್ದಾಳೆ, ಜ್ವಾಲೆ ಒಂದು ಕಡೆ ಬಾಗಿದೆ, ಕಣ್ಣಲ್ಲಿ ಅದರ ಪ್ರತಿಬಿಂಬವಿದೆ. ತಾಂತ್ರಿಕವಾಗಿ ನಾನು ತೆಗೆದ ಅತ್ಯುತ್ತಮ ಚಿತ್ರ ಅದೇ ಎಂದು ಬಹಳ ಕಾಲ ಬೀಗಿದ್ದೇನೆ. ಅವಳ ತಲೆಯ ಹಿಂದೆ, ಬಲಕ್ಕೆ, ಒಂದು ನೀಲಿ ಮುದ್ದೆ ಇದೆ. ಅದು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದ ನನ್ನ ಅಪ್ಪ. ಶರ್ಟಿನ ಬಣ್ಣ ಗೊತ್ತಿರುವ ನಮಗೆ ಬಿಟ್ಟರೆ ಬೇರೆ ಯಾರಿಗೂ ಅದೊಂದು ಪರದೆ ಅನ್ನಿಸೀತು. ಮೂರನೆಯ ಹುಟ್ಟುಹಬ್ಬಕ್ಕೆ ಅವರು ಇರಲಿಲ್ಲ. ಅದೇ ಕ್ಷಣವನ್ನು ನನ್ನ ಹೆಂಡತಿ ಫೋನಿನಲ್ಲಿ ತೆಗೆದಿದ್ದಳು. ಫೋನಿನ ಲೆನ್ಸಿನ ನಿಜವಾದ ನಾಭಿದೂರ ಕೆಲವೇ ಮಿಲಿಮೀಟರ್ ಆದ್ದರಿಂದ ಹತ್ತಿರದ್ದೂ ದೂರದ್ದೂ ಒಟ್ಟಿಗೇ ಸ್ಪಷ್ಟವಾಗಿ ಬರುತ್ತವೆ. ಕಾಳುಕಾಳಾಗಿ, ಬಣ್ಣ ಕೆಟ್ಟು ಬಂದಿದ್ದ ಆ ಚಿತ್ರವನ್ನು ನೋಡಿ ನಾನು ಅಂದು ನಕ್ಕಿದ್ದೆ. ಈಗ ಗೋಡೆಯ ಮೇಲೆ ಚೌಕಟ್ಟು ಹಾಕಿಸಿ ತೂಗುಹಾಕಿರುವುದು ಅದನ್ನೇ.

ಇದು ಲೆನ್ಸಿನ ದೋಷವಲ್ಲ, ಅಪರ್ಚರನ್ನು ಬದಲಿಸುವುದು ನನ್ನ ಕೈಯಲ್ಲೇ ಇತ್ತು. ಆದರೂ ಹೇಳುತ್ತೇನೆ, ಈ ಲೆನ್ಸ್ ಅಂಥ ಒಂದು ಚಟವನ್ನು ಹಿಡಿಸುತ್ತದೆ. ಮುಖವನ್ನು ಎತ್ತಿಕೊಟ್ಟು ಮುಖದ ಸುತ್ತಲಿನ ಬದುಕನ್ನು ಅಳಿಸುತ್ತದೆ, ಮತ್ತು ಹಾಗೆ ಅಳಿಸಿದ್ದನ್ನೇ ಚೆಂದವೆಂದು ನಂಬಿಸುತ್ತದೆ. ಈಗ ನಾನು ಎಫ್/1.8 ಬಳಸುವುದು ಬೆಳಕು ನಿಜವಾಗಿಯೂ ಇಲ್ಲದಾಗ ಮಾತ್ರ. ಹಗಲಲ್ಲಿ, ಕಿಟಕಿಯ ಬಳಿ, ಎಫ್/4ರಿಂದ ಎಫ್/5.6ರವರೆಗೆ ಇಡುತ್ತೇನೆ, ಎರಡು ಹೆಜ್ಜೆ ಹಿಂದೆ ನಿಲ್ಲುತ್ತೇನೆ, ಸಾಧ್ಯವಾದರೆ ಜನರನ್ನು ಗೋಡೆಗೆ ಹತ್ತಿರ ಕೂರಿಸುತ್ತೇನೆ. ಹಿನ್ನೆಲೆ ಆಗಲೂ ಮೃದುವಾಗಿಯೇ ಇರುತ್ತದೆ, ಆದರೆ ಕಪಾಟು ಕಪಾಟಿನಂತೆ, ಮನುಷ್ಯ ಮನುಷ್ಯನಂತೆ ಕಾಣುತ್ತಾರೆ. ಮೇಣದಬತ್ತಿಯ ಬೆಳಕೊಂದೇ ಇದ್ದಾಗ ಬೇರೆ ದಾರಿಯಿಲ್ಲ: ಎಫ್/2, 1/125, ಐಎಸ್‌ಒ 3200. ಮೇಣದಬತ್ತಿಯ ಬೆಳಕಿನ ವರ್ಣತಾಪಮಾನ 1900 ಕೆಲ್ವಿನ್ ಆಸುಪಾಸಿನದು, ಹಗಲಿನದು 5500; ಅಂಕಿ ಇಳಿದಷ್ಟೂ ಬೆಳಕು ಕಿತ್ತಳೆಯಾಗುತ್ತದೆ. ಆಟೊ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣವನ್ನು ಕ್ಯಾಮೆರಾ ತಾನೇ ಸರಿದೂಗಿಸುವ ಏರ್ಪಾಡು) ಇಷ್ಟು ಅಂತರದಲ್ಲಿ ಆಗಾಗ ಎಡವುವುದರಿಂದ ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲಿ, ತೆಗೆದು ಆಮೇಲೆ ಸರಿಪಡಿಸುವುದು ಕ್ಷೇಮ. ಪೂರ್ತಿ ಸರಿಪಡಿಸಬಾರದು, ಸ್ವಲ್ಪ ಕಿತ್ತಳೆ ಉಳಿಯಬೇಕು.

ಕೌಟುಂಬಿಕ ಗುಂಪು ಚಿತ್ರಗಳಿಗೆ ಈ ಲೆನ್ಸ್ ಸೋಲುತ್ತದೆ, ಅದಕ್ಕೆ ಕಾರಣ ಶುದ್ಧ ಗಣಿತ. 50 ಮಿ.ಮೀ. ಎಂಬುದು ಕಣ್ಣಿಗೆ ಸಹಜವಾದ ಅಳತೆ, ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸ್ಸಾನ್ ಹೆಚ್ಚಾಗಿ ಬಳಸಿದ್ದೂ ಅದನ್ನೇ ಎಂದು ಕೇಳಿ ಕೊಳ್ಳುವವರು ಬಹಳ. ಬ್ರೆಸ್ಸಾನ್ ಅದನ್ನು ಬಳಸಿದ್ದು 35 ಮಿ.ಮೀ. ಫಿಲ್ಮಿನ ಮೇಲೆ, ಎಪಿಎಸ್-ಸಿ ಸೆನ್ಸರಿನಲ್ಲಿ ಅದೇ ಲೆನ್ಸ್ 75 ಮಿ.ಮೀ.ನಷ್ಟು ಇಕ್ಕಟ್ಟಾಗುತ್ತದೆ. ಒಂದು ಸಾಲಿನಲ್ಲಿ ಮೂರು ಮೀಟರ್ ಅಗಲಕ್ಕೆ ನಿಂತವರನ್ನು ಸೇರಿಸಬೇಕಾದರೆ ನಾನು ಆರೂವರೆ ಮೀಟರ್ ಹಿಂದಕ್ಕೆ ಹೋಗಬೇಕು. ಅಷ್ಟು ಉದ್ದದ ಕೋಣೆ ಎಷ್ಟು ಮನೆಗಳಲ್ಲಿದೆ? ತಂಗಿಯ ಮದುವೆಯಲ್ಲಿ ಬೆನ್ನು ಗೋಡೆಗೆ ಒತ್ತಿಕೊಂಡು ನಿಂತರೂ ಸಾಲಿನ ಎರಡು ತುದಿಯವರ ತೋಳುಗಳು ಹೊರಗುಳಿದವು. ಅಂದು ಸದ್ದಾಗದಿರಲೆಂದು ಎಲೆಕ್ಟ್ರಾನಿಕ್ ಶಟರ್ ಹಾಕಿದ್ದ ಕಾರಣ, ಮಿನುಗುವ ಎಲ್‌ಇಡಿ ದೀಪಗಳ ಕೆಳಗೆ ತೆಗೆದ ಹಲವು ಚಿತ್ರಗಳ ಮೇಲೆ ಅಡ್ಡಪಟ್ಟಿಗಳು ಬಂದವು. ಈ ಪಾಪ ಲೆನ್ಸಿನದಲ್ಲ.

ದೂರಕ್ಕೂ ಇದು ಆಗದು. ತಮ್ಮನ ಪದವಿ ಪ್ರದಾನದಲ್ಲಿ ಸಭಿಕರ ಸಾಲಿನಿಂದ ತೆಗೆದ ಚಿತ್ರದಲ್ಲಿ ವೇದಿಕೆಯ ಮೇಲಿರುವವನು ಅವನೇ ಎಂದು ನಾನು ಹೇಳಿದರೆ ನೀವು ನಂಬಬೇಕು, ಅಷ್ಟೆ. ಹೊರಗೆ ಬಂದ ಮೇಲೆ ಅಮ್ಮ ಅವನ ಗೌನಿನ ಕೊರಳಪಟ್ಟಿಯನ್ನು ಸರಿಮಾಡುತ್ತಿದ್ದಾಗ, ಅವನು ಮುಜುಗರದಿಂದ ಆಕಾಶ ನೋಡುತ್ತಿದ್ದಾಗ, ಎರಡು ಮೀಟರ್ ದೂರದಿಂದ ತೆಗೆದದ್ದು ಬೇರೆಯೇ ಮಾತು. ಎರಡು ಮೀಟರ್ ಎಂಬುದು ಈ ಲೆನ್ಸಿಗೆ ಹೇಳಿಮಾಡಿಸಿದ ದೂರ: ಮೂಗು ಉದ್ದವಾಗಿ ಕಾಣುವಷ್ಟು ಹತ್ತಿರವಲ್ಲ, ಎದುರಿನವರು ಕ್ಯಾಮೆರಾವನ್ನು ಮರೆಯಲಾರದಷ್ಟು ಮೇಲೆ ಬಿದ್ದಂತೆಯೂ ಅಲ್ಲ.

ಕ್ಯಾಮೆರಾ ಮರೆತ ಮುಖವೇ ಬೇಕು ಎನ್ನುವುದಕ್ಕೆ ಶರೀರಶಾಸ್ತ್ರದ ಆಧಾರವಿದೆ. ಫ್ರಾನ್ಸಿನ ವೈದ್ಯ ಗಿಯೋಮ್ ದುಶೆನ್ 1862ರಲ್ಲೇ ತೋರಿಸಿದಂತೆ, ಬಾಯಿಯ ತುದಿಯನ್ನು ಎಳೆಯುವ ಸ್ನಾಯು ಹೇಳಿದ ಮಾತು ಕೇಳುತ್ತದೆ, ಕಣ್ಣಿನ ಸುತ್ತಲಿನ ಸ್ನಾಯು ಸಂತೋಷವಿಲ್ಲದೆ ಸುಲಭಕ್ಕೆ ಅಲುಗುವುದಿಲ್ಲ. ‘ಸ್ವಲ್ಪ ನಗಿ’ ಎಂದಾಗ ಸಿಗುವುದು ಬರಿಯ ತುಟಿಯ ನಗು. ನಾನು ಕಂಡುಕೊಂಡ ಉಪಾಯ ಇಷ್ಟೇ: ಎಲ್ಲರನ್ನೂ ನಿಲ್ಲಿಸಿ ಒಂದು ಚಿತ್ರ ತೆಗೆದು, ‘ಆಯಿತು’ ಎಂದು ಘೋಷಿಸಿ, ಬೆರಳನ್ನು ಶಟರಿನ ಮೇಲೇ ಇಟ್ಟುಕೊಂಡಿರುವುದು. ಆ ಮಾತಿನ ನಂತರದ ಎರಡು ಸೆಕೆಂಡುಗಳಲ್ಲಿ ಹೆಗಲುಗಳು ಇಳಿಯುತ್ತವೆ, ಯಾರೋ ಯಾರನ್ನೋ ತಿವಿಯುತ್ತಾರೆ, ಕಣ್ಣಿನ ಅಂಚಿನಲ್ಲಿ ಗೆರೆಗಳು ಮೂಡುತ್ತವೆ. ಆಲ್ಬಮ್ಮಿಗೆ ಹೋಗುವುದು ಆಗ ತೆಗೆದವೇ.

ಜೂಮ್ ಇಲ್ಲದಿರುವುದು ಒಂದು ಕೆಲಸಕ್ಕೆ ವರವಾಗಿದೆ. ಅಮೆರಿಕದ ಛಾಯಾಗ್ರಾಹಕ ನಿಕೊಲಸ್ ನಿಕ್ಸನ್ 1975ರಿಂದ ದಶಕಗಳ ಕಾಲ ಪ್ರತಿವರ್ಷ ತನ್ನ ಹೆಂಡತಿಯನ್ನೂ ಆಕೆಯ ಮೂವರು ಸೋದರಿಯರನ್ನೂ ಅದೇ ಅನುಕ್ರಮದಲ್ಲಿ ನಿಲ್ಲಿಸಿ ಚಿತ್ರ ತೆಗೆಯುತ್ತ ಬಂದರು. ಅದನ್ನು ನೋಡಿ ನಾನೂ ಪ್ರತಿ ಹುಟ್ಟುಹಬ್ಬದಂದು ಮಗಳನ್ನು ಒಂದೇ ಕುರ್ಚಿಯಲ್ಲಿ (ಹೌದು, ಅದೇ ಕುರ್ಚಿ) ಕೂರಿಸಿ, ಒಂದೇ ದೂರದಿಂದ ತೆಗೆಯುತ್ತೇನೆ. ನಾಭಿದೂರ ಬದಲಾಗದ್ದರಿಂದ ದೂರವನ್ನು ಅಳೆದುಕೊಂಡರೆ ಸಾಕು, ಆರು ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗ ಬೆಳೆದಿರುವುದು ಮಗು ಮಾತ್ರ. ಆರರಲ್ಲಿ ಒಂದರಲ್ಲೂ ನಾನಿಲ್ಲವೆಂದು ಹೆಂಡತಿ ಗಮನಕ್ಕೆ ತಂದ ಮೇಲೆ ಹತ್ತು ಸೆಕೆಂಡಿನ ಟೈಮರ್ ಬಳಸಿ ಕುರ್ಚಿಯ ಪಕ್ಕಕ್ಕೆ ಓಡುವ ಏಳನೆಯದೊಂದನ್ನೂ ತೆಗೆದಿದ್ದೇವೆ.

ಬಾಳಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೈಯೆಲ್ಲ ಪ್ಲಾಸ್ಟಿಕ್, ಒಮ್ಮೆ ಮೇಜಿನಿಂದ ಬಿದ್ದಿದೆ, ತುದಿಗೆ ಹುಡ್ (ಬೆಳಕಿನ ಮರೆ) ಇದ್ದುದರಿಂದ ಬದುಕಿದೆ. ಐದನೆಯ ವರ್ಷ ಮೋಟಾರಿನ ಸದ್ದು ಹೆಚ್ಚಾಯಿತೆಂದು ಒಂದು ದುರಸ್ತಿ ಕೇಂದ್ರಕ್ಕೆ ಕೊಟ್ಟೆ; ಮೂರು ವಾರ ಇಟ್ಟುಕೊಂಡು ‘ತೊಂದರೆ ಏನೂ ಕಾಣಲಿಲ್ಲ’ ಎಂಬ ಚೀಟಿಯೊಂದಿಗೆ ಹಾಗೆಯೇ ಮರಳಿಸಿದರು. ಸದ್ದು ಈಗಲೂ ಇದೆ, ಫೋಕಸ್ ಈಗಲೂ ಆಗುತ್ತಿದೆ. ಗಾಜಿನ ಮೇಲೆ ಬೂಷ್ಟು ಬಾರದಂತೆ ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ, ತೇವಾಂಶ ಶೇ. 50ರ ಒಳಗಿರುವಂತೆ ನೋಡಿಕೊಳ್ಳುತ್ತೇನೆ.

ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾ ಇದ್ದವರು ಯೋಚಿಸದೆ ಕೊಳ್ಳಬಹುದು. ಎಪಿಎಸ್-ಸಿ ಇದ್ದು, ಮನೆಯೊಳಗಿನ ಚಿತ್ರಗಳೇ ಹೆಚ್ಚಾಗಿದ್ದರೆ ಮೊದಲು 35 ಮಿ.ಮೀ. ನೋಡಿ, ಅದೇ ಮೂರು ಮೀಟರ್ ಸಾಲಿಗೆ ನಾಲ್ಕೂವರೆ ಮೀಟರ್ ಸಾಕಾಗುತ್ತದೆ, ಹಿನ್ನೆಲೆಯೂ ಅಷ್ಟು ಬೇಗ ಮಾಯವಾಗದು. ನಾನು ಇದನ್ನು ಮಾರುವುದಿಲ್ಲ. ಅಂಕ ಕೊಡಲೇಬೇಕೆಂದರೆ ಐದಕ್ಕೆ ನಾಲ್ಕು. ಒಂದು ಕಳೆದದ್ದು ಆ ನೀಲಿ ಶರ್ಟಿನ ಲೆಕ್ಕಕ್ಕೆ, ತಪ್ಪು ನನ್ನದೇ ಆದರೂ.