ಮೂನ್‌ಬೋರ್ಡ್ 2016 ಸೆಟ್: ಇದರ ಗ್ರೇಡನ್ನು ಎಷ್ಟು ನಂಬಬಹುದು?

ಕ್ಲೈಂಬಿಂಗ್ ಜಿಮ್‌ಗಳ ಗ್ರೇಡು, ಅಂದರೆ ಹತ್ತುವ ದಾರಿ ಎಷ್ಟು ಕಷ್ಟವೆಂಬ ಅಳತೆ, ಊರಿಗೊಂದು ತರ. ಒಂದು ಕಡೆಯ ವಿ5 ಇನ್ನೊಂದು ಕಡೆ ವಿ3 (ಅಂಕಿ ದೊಡ್ಡದಾದಷ್ಟೂ ಕಷ್ಟ). ಅನುಮಾನ ಬಂದು ಮತ್ತೆ ಹತ್ತಿ ನೋಡೋಣವೆಂದರೆ ಅಷ್ಟರಲ್ಲಿ ಆ ರೂಟನ್ನೇ ಬಿಚ್ಚಿಹಾಕಿರುತ್ತಾರೆ. ಮೂನ್‌ಬೋರ್ಡ್ ಎಂಬ ಅಭ್ಯಾಸದ ಹಲಗೆಗೋಡೆಯಲ್ಲಿ ಈ ರಗಳೆಯಿಲ್ಲ. ಅದರ 2016ರ ಹೋಲ್ಡುಗಳ (ಕೈಹಿಡಿಗಳ) ಸೆಟ್ಟನ್ನು ಯಾವ ದೇಶದಲ್ಲಿ ಕಟ್ಟಿದರೂ ಅದೇ ಹೋಲ್ಡು, ಅದೇ ಜಾಗ, ಹತ್ತುವವರ ಕಡೆಗೆ ಅದೇ 40 ಡಿಗ್ರಿ ವಾಲು.

ಇದರ ಹಿಂದಿರುವವರು ಶೆಫೀಲ್ಡಿನ ಬೆನ್ ಮೂನ್. 1990ರಲ್ಲಿ ಇಂಗ್ಲೆಂಡಿನ ರೇವನ್ ಟಾರ್ ಬಂಡೆಯ 'ಹಬಲ್' ಏರಿ, ಹಗ್ಗ ಕಟ್ಟಿ ಏರುವ ರೂಟುಗಳಲ್ಲಿ ಮೊದಲ 8ಸಿ+ (ಫ್ರೆಂಚ್ ಗ್ರೇಡು) ಕೊಟ್ಟವರು. ಮರುವರ್ಷ ಜರ್ಮನಿಯಲ್ಲಿ ವೋಲ್ಫ್‌ಗಾಂಗ್ ಗ್ಯೂಲಿಶ್ ಏರಿದ 'ಆಕ್ಷನ್ ಡೈರೆಕ್ಟ್' ಮೊದಲ 9ಎ ಎಂದು ಹೆಸರಾಯಿತು. ಹಬಲ್ ಕೂಡ 9ಎ ಅಲ್ಲವೇ ಎಂಬ ಜಗಳ ಇನ್ನೂ ಮುಗಿದಿಲ್ಲ. ತನ್ನ ರೂಟಿನ ಗ್ರೇಡೇ ಇತ್ಯರ್ಥವಾಗದವರು ನಮಗೆ ಅಳತೆಗೋಲು ಮಾರುತ್ತಿದ್ದಾರೆ ಎನ್ನಿ.

ಅಗಲ 2.44 ಮೀಟರ್, ಎತ್ತರ 3.15 ಮೀಟರ್. ಹತ್ತಡಿ ಸೂರಿನ ಕೋಣೆಗೆ ಇದು ಹಿಡಿಸುವುದಿಲ್ಲ, ನಾಲ್ಕು ಇಂಚು ಸಾಲದು. ಅಂಥ ಕಡೆ 12 ಸಾಲಿನ ಮಿನಿ ಬೋರ್ಡೇ ಗತಿ. ದೊಡ್ಡದರಲ್ಲಿ 11 ಕಂಬಸಾಲು, 18 ಅಡ್ಡಸಾಲು, 20 ಸೆಂ.ಮೀ.ಗೊಂದು ತೂತು. ಆ್ಯಪ್‌ನಲ್ಲಿ ಪ್ರಾಬ್ಲಮ್ (ಹತ್ತಬೇಕಾದ ಹೋಲ್ಡುಗಳ ಸರಣಿ) ಆರಿಸಿದರೆ ಹೋಲ್ಡಿನ ಕೆಳಗೆ ಎಲ್‌ಇಡಿ ಹೊತ್ತಿಕೊಳ್ಳುತ್ತದೆ: ಶುರುವಿಗೆ ಹಸಿರು, ನಡುವೆ ನೀಲಿ, ಕೊನೆಗೆ ಕೆಂಪು. ಬೇರೆ ಸೂಚನೆ ಇಲ್ಲದಿದ್ದರೆ, ಬುಡದ ಹಲಗೆಯ ಮೆಟ್ಟುಗಳನ್ನು ಬಿಟ್ಟು, ಕೈ ಹಿಡಿದ ಹೋಲ್ಡಿಗೇ ಕಾಲಿಡಬೇಕು. ಕೊನೆಯದನ್ನು ಎರಡೂ ಕೈಯಲ್ಲಿ ಹಿಡಿದರಷ್ಟೇ ಲೆಕ್ಕ.

ಎಡವಟ್ಟಾಗುವುದು ಹೆಚ್ಚಾಗಿ ಜೋಡಣೆಯಲ್ಲಿ. ಪ್ರತಿ ಹೋಲ್ಡು ಯಾವ ದಿಕ್ಕಿಗೆ ತಿರುಗಿರಬೇಕೆಂದು ನಕ್ಷೆಯಲ್ಲಿದೆ. ಒಂದು ಕ್ರಿಂಪ್ (ಬೆರಳ ತುದಿಯಷ್ಟೇ ಹಿಡಿಸುವ ಹೋಲ್ಡು) ಸ್ವಲ್ಪ ಓರೆಯಾದರೂ ಅದನ್ನು ಬಳಸುವ ಪ್ರಾಬ್ಲಮ್‌ಗಳ ಗ್ರೇಡೆಲ್ಲ ಕೆಟ್ಟಿತು. ಹತ್ತುವಾಗ ಹೋಲ್ಡು ತಿರುಗುತ್ತಿದ್ದರೆ ಬೋಲ್ಟ್ ಬಿಗಿ ಮಾಡುವ ಮೊದಲು ನಕ್ಷೆ ನೋಡಿ. ಬೋರ್ಡಿನ ವಾಲುವಿಕೆಯನ್ನು ಕಣ್ಣಳತೆಗೆ ಬಿಡದೆ ಡಿಗ್ರಿ ತೋರಿಸುವ ಮಟ್ಟಗೋಲಿನಲ್ಲೇ ಪರೀಕ್ಷಿಸಿ. 40ರ ಬದಲು 37 ಇದ್ದರೆ ಕಾಲು ಜಾರುವುದು ಕಮ್ಮಿಯಾಗಿ ನಿಮ್ಮ ಗ್ರೇಡು ಪುಕ್ಕಟೆ ಏರುತ್ತದೆ. ಚಾಕ್ ಮೆತ್ತಿದ ಹೋಲ್ಡನ್ನು ಬ್ರಷ್ ಮಾಡದಿದ್ದರೆ ಇದಕ್ಕೆ ತದ್ವಿರುದ್ಧ. ಕರಾವಳಿಯ ಮಳೆಗಾಲದಲ್ಲಿ ಅಗ್ಗದ ಪ್ಲೈವುಡ್ ಉಬ್ಬಿ ಬೋಲ್ಟ್ ಹಿಡಿಯುವ ಟಿ-ನಟ್ ಸಡಿಲವಾಗುತ್ತದೆ, ಆ ಖರ್ಚು ಉಳಿಸಲು ಹೋಗಬೇಡಿ.

ಇನ್ನು ಗ್ರೇಡು. 2016ರ ಸೆಟ್ಟಿನಲ್ಲಿ ಅದು ಶುರುವಾಗುವುದೇ 6ಬಿ+ನಿಂದ, ಅಂದರೆ ಸುಮಾರು ವಿ4. ಜಿಮ್ಮಿನಲ್ಲಿ ವಿ4 ಸಲೀಸಾಗಿ ಹತ್ತುವವರು ಇಲ್ಲಿ ಮೊದಲ ಮೂವ್‌ನಲ್ಲೇ ಮ್ಯಾಟ್ ಮೇಲಿರುತ್ತಾರೆ. ಯಾರು ಬೇಕಾದರೂ ಪ್ರಾಬ್ಲಮ್ ಸೇರಿಸಬಹುದಾದ್ದರಿಂದ ಆ್ಯಪ್‌ನಲ್ಲಿ ಜೊಳ್ಳೂ ಇದೆ. ನಂಬುವುದಾದರೆ ಬೆಂಚ್‌ಮಾರ್ಕ್ (ಗ್ರೇಡಿಗೆ ಮಾದರಿ) ಎಂದು ಗುರುತಾದವನ್ನು ಮಾತ್ರ ನಂಬಿ, ಅದರಲ್ಲೂ ಒಂದೇ ಗ್ರೇಡಿನ ಹತ್ತಾದರೂ ಮುಗಿಸಿ ಆಮೇಲೆ ಮುಂದಿನದಕ್ಕೆ ಕೈಹಾಕಿ.

ಆದರೆ ಅಳೆಯುವುದು ಏನನ್ನು? ಕಿರಿದಾದ ಕ್ರಿಂಪ್, ದೂರದ ಎಟುಕು, ಕಾಲು ಕಿತ್ತುಬರದಂತೆ ಮೈ ಬಿಗಿಹಿಡಿಯುವುದು, ಅಷ್ಟೆ. ಹಂಪಿಯ ಗ್ರಾನೈಟ್‌ನಲ್ಲಿ ಶೂ ತಿಕ್ಕಿ ನಿಲ್ಲುವ ಇಳಿಜಾರು ಸ್ಲ್ಯಾಬ್ ಇದರಲ್ಲಿಲ್ಲ, ಬಂಡೆಯ ತಲೆಗೆ ಅಂಗೈ ಊರಿ ಮೇಲೇಳುವ ಮ್ಯಾಂಟಲ್ ಇಲ್ಲವೇ ಇಲ್ಲ. ಇಲ್ಲಿ ವಿ7 ಮಾಡಿದವರು ಅಲ್ಲಿ ವಿ3ಕ್ಕೆ ಒದ್ದಾಡಿದರೆ ಬೋರ್ಡನ್ನು ಬೈಯಬೇಕಿಲ್ಲ.

ನಿಖರ ನಕಲಿನ ಬಲ ಗೊತ್ತಾಗಬೇಕಾದರೆ ಫಿನ್ಲೆಂಡಿನ 'ಬರ್ಡನ್ ಆಫ್ ಡ್ರೀಮ್ಸ್' ನೋಡಿ. 2016ರಲ್ಲಿ ನಾಲೆ ಹುಕ್ಕತೈವಲ್ ಏರಿ ಬೋಲ್ಡರಿಂಗ್‌ನ (ಹಗ್ಗವಿಲ್ಲದೆ ಗುಂಡುಬಂಡೆ ಏರುವುದರ) ಮೊದಲ 9ಎ ಎಂದರು; ಹಗ್ಗದ ರೂಟಿನ 9ಎ ಬೇರೆ ಅಳತೆ. 2023ರಲ್ಲಿ ಅದನ್ನು ಎರಡನೆಯವರಾಗಿ ಏರಿದ ವಿಲ್ ಬೋಸಿ, ಅದೇ ಹಿಡಿಗಳ ನಕಲು ಮಾಡಿಸಿ ತಮ್ಮೂರಿನಲ್ಲೇ ಅಭ್ಯಾಸ ಮಾಡಿದ್ದರು.

ವಿ4 ದಾಟದವರು, ಬೆರಳಿನ ಮೂಳೆ ಇನ್ನೂ ಬೆಳೆಯುತ್ತಿರುವ ಮಕ್ಕಳು ಇದರ ಗೋಜಿಗೆ ಹೋಗದಿರುವುದೇ ಲೇಸು. ಅವರಿಗೆ 25 ಡಿಗ್ರಿಯಲ್ಲೂ ಕಟ್ಟಬಹುದಾದ 2017 ಅಥವಾ 2019ರ ಸೆಟ್ ವಾಸಿ. ಉಳಿದವರು ವಾರಕ್ಕೆ ಎರಡು ಸಲ ಹತ್ತಿ, ಪ್ರತಿ ಗಟ್ಟಿ ಪ್ರಯತ್ನದ ನಡುವೆ ಮೂರು ನಿಮಿಷ ಕೂತುಕೊಳ್ಳಿ.