ಅಟ್ಟಾರಿ ‘ವಿಐಪಿ ಪಾಸ್’ಗೆ ರೊಕ್ಕ ಕೊಡಬ್ಯಾಡ್ರಿ, ನಾವು ಕೊಟ್ಟು ಕೆಟ್ಟೀವಿ

ಬೀದರ, ಭಾಲ್ಕಿ, ಹುಮನಾಬಾದ ಕಡೆಯಿಂದ ಯಾರೇ ಅಮೃತಸರಕ್ಕ ಹೊಂಟಿದ್ರ ಇದನ್ನ ಓದಿ ಹೋಗ್ರಿ. ಪಾಕಿಸ್ತಾನಕ್ಕ ಹತ್ತಿದ ಅಟ್ಟಾರಿ-ವಾಘಾ ಬಾರ್ಡರ್‌ನಾಗ ಸಂಜಿಮುಂದ ಧ್ವಜ ಇಳಿಸೋದು ನೋಡ್ಲಾಕ ಒಂದು ಪೈಸಾ ಕೊಡೋದು ಇಲ್ಲ. ಒಂದು ಪೈಸಾನೂ ಇಲ್ಲ. ನಾವು ಆರು ಮಂದಿ, ತಲಿಗೆ 900ರಂಗ 5,400 ರೂಪಾಯಿ ಕೊಟ್ಟು ಬಂದೀವಿ.

ಹೇಳ್ಲಾಕ ನಾಚಿಕಿ ಆಗ್ತದ. ನಾನು ಹೈಸ್ಕೂಲ್‌ನಾಗ ಸಮಾಜ ವಿಜ್ಞಾನ ಕಲಸ್ತೀನಿ. 1959ರಿಂದ ನಡಕೊಂತ ಬಂದದ, ಈ ಕಡೆ ಬಿಎಸ್‌ಎಫ್, ಆ ಕಡೆ ಪಾಕಿಸ್ತಾನ ರೇಂಜರ್ಸ್ ಅಂತ ಹುಡುಗ್ರಿಗೆ ಬೋರ್ಡ್ ಮ್ಯಾಲ ಬರದು ಹೇಳಿದಾಕಿ ನಾನೇ. ಎಲ್ಲಾ ಗೊತ್ತಿತ್ತು. ಪುಕ್ಕಟ ಅಂಬೋದು ಒಂದೇ ಗೊತ್ತಿರಲಿಲ್ಲ.

ಆಸೆ ನಮ್ಮ ಮಾವಂದು. ದಿನಾ ಮುಂಜಾನಿ ನಾನಕ ಝೀರಾ ಗುರುದ್ವಾರದ ಕಡೆ ವಾಕಿಂಗ್ ಹೋಗ್ತಾರ, ಪಂಜಾಬದಿಂದ ಬಂದ ಸರ್ದಾರ್ಜಿಗಳ ಕೂಡ ಹರಟಿ ಹೊಡಿತಾರ. “ಅವರು ಅಲ್ಲಿಂದ ನಮ್ಮೂರಿಗೆ ಬರ್ತಾರ, ಗುರು ಗೋಬಿಂದ ಸಿಂಗರ ಆ ಐದು ಮಂದಿ ಶಿಷ್ಯರು, ಪಂಜ್ ಪ್ಯಾರೇದಾಗ ಒಬ್ಬರು ನಮ್ಮ ಬೀದರದವರೇ, ನಾವು ಒಮ್ಮೆ ಅವರೂರು ನೋಡಬಾರ್ದೇನವ್ವ?” ಅಂತ ವರ್ಷಗಟ್ಟಲೆ ಕೇಳ್ಲಿಕತ್ತಿದ್ರು. 2025ರ ದಸರಾ ರಜಾದಾಗ ಹೋಗೋದು ಅಂತ ಆಯ್ತು. ಟೂರ್ ಮಾಡಿಸಿದಾಂವ ನಮ್ಮ ಮನಿಯವರ ದೋಸ್ತನ ಪರಿಚಯದಾಂವ, ಹೆಸರು ಬರಿಯಂಗಿಲ್ಲ. ನಾಂದೇಡದಿಂದ ಸಚಖಂಡ್ ಎಕ್ಸ್‌ಪ್ರೆಸ್, ಹೋಟೆಲ್, ಸ್ವರ್ಣ ಮಂದಿರ, ಜಲಿಯನ್‌ವಾಲಾ ಬಾಗ್, ಇದರಾಗ ತಪ್ಪು ಹೇಳಂಗಿಲ್ಲ. ಚಲೋ ಮಾಡಿದ. ಅದಕ್ಕೇ ನಂಬಿದ್ವಿ.

ಹೊಂಡೋ ಎರಡು ದಿನ ಮೊದಲು ಮನಿಗೆ ಬಂದು ಚಹಾ ಕುಡಕೊಂತ ಶುರು ಮಾಡಿದ. “ಮೇಡಂ, ಅಲ್ಲಿ ಸಾವಿರಾರು ಮಂದಿ ಬರ್ತಾರ್ರಿ. ಪಾಸ್ ಇಲ್ಲಂದ್ರ ಮಂದಿ ತಲಿ ನೋಡಿ ಬರ್ಬೇಕಾಗ್ತದ. ಹಿರ್ಯಾರಿಗೆ ಮೊಣಕಾಲ ಬ್ಯಾನಿ ಅಂತೀರಿ, ಅವರ ಸಲುವಾಗಿ ಹೇಳ್ಲಿಕತ್ತೀನಿ, ವಿಐಪಿ ತಗೋರಿ. ಬ್ಯಾರೆ ಗೇಟು, ಮುಂದಿನ ಸಾಲು.” ಗೇಟ್ ತೆಗದು ಎರಡೂ ಕಡೆಯವರು ಕೈ ಕುಲುಕೋ ವಿಡಿಯೋನೂ ತೋರ್ಸಿದ. ಪಹಲ್ಗಾಮ್ ದಾಳಿ ಆದ ಮ್ಯಾಲ ಏಪ್ರಿಲ್‌ದಾಗೇ ಅದನ್ನ ನಿಲ್ಲಿಸ್ಯಾರ, ಗೇಟ್ ಮುಚ್ಚೇ ಇಟ್ಟು ಧ್ವಜ ಇಳಿಸ್ತಾರ. ಪೇಪರ್‌ನಾಗ ನಾನೇ ಓದಿದ್ದೆ. ಹಳೇ ವಿಡಿಯೋ ಅಲ್ಲೇನ್ರಿ ಅಂತ ಕೇಳ್ಬೇಕಿತ್ತು. ಕೇಳಲಿಲ್ಲ. ಮತ್ತೊಂದು ಕಪ್ ಚಹಾ ಕೊಟ್ಟೆ.

ಬಸ್ ಸ್ಟ್ಯಾಂಡ್‌ನಾಗ ಆರು ಕಾರ್ಡ್ ಕೊಟ್ಟ. ಲ್ಯಾಮಿನೇಷನ್ ಮಾಡ್ಸಿದ್ದು, ಮ್ಯಾಲ ತ್ರಿವರ್ಣ, ನಡುವ ಬಂಗಾರದ ಅಕ್ಷರದಾಗ ವಿಐಪಿ, ಕೊಳ್ಳಾಗ ಹಾಕ್ಕೊಳ್ಳಾಕ ದಾರ. ಮಾವ ಅಲ್ಲೇ ಹಾಕ್ಕೊಂಡ್ರು. ಟೂರಿನಾಂವ ಫೋಟೋನೂ ತಗೊಂಡ.

ಅಟ್ಟಾರಿ ಅಮೃತಸರದಿಂದ ಸುಮಾರು 30 ಕಿಲೋಮೀಟರ್. ಉಳಿದ ಮಂದಿ ಮಧ್ಯಾಹ್ನನೇ ಹೊಂಟ್ರು. ನಮ್ಮ ಡ್ರೈವರ್ “ಆಪ್ ತೋ ವಿಐಪಿ ಹೈಂ” ಅಂತ ತಡಾ ಮಾಡಿ ಕರ್ಕೊಂಡು ಹೋದ. ಪಾರ್ಕಿಂಗ್‌ನಿಂದ ನಡೀಬೇಕು. ನಡದ್ವಿ. ಮೊದಲನೇ ತಪಾಸಣೆದಾಗ ಬ್ಯಾಗ್ ಒಳಗ ಬಿಡಂಗಿಲ್ಲ ಅಂದ್ರು, ನಮ್ಮ ಮನಿಯವರು ಮತ್ತ ಗಾಡಿ ತನಕ ಓಡಿದ್ರು. ಇದನ್ನೂ ಆ ಮಹಾಶಯ ಹೇಳಿರಲಿಲ್ಲ.

ಆಮ್ಯಾಲ ಆ ಜವಾನ. ಮಾವ ದೊಡ್ಡ ಗತ್ತಿನಾಗ ಕೊಳ್ಳಾಗಿನ ಕಾರ್ಡ್ ಎತ್ತಿ ತೋರ್ಸಿದ್ರು. ಅಂವ ಹಿಂದ ಮುಂದ ತಿರುವಿ ನೋಡಿದ. “ಬಾಬೂಜಿ, ಯೇ ಕಹಾಂ ಸೇ ಲಾಯೇ? ಯಹಾಂ ಎಂಟ್ರಿ ಫ್ರೀ ಹೈ. ಆಧಾರ್ ದಿಖಾಯಿಯೇ.” ಬೈಲಿಲ್ಲ, ಪಾಪ, ಮರ್ಯಾದಿಂದೇ ಅಂದ. ಆದ್ರ ಹಿಂದ ನಿಂತವರು ನಕ್ಕರು. “ಫ್ರೀ ಕಾ ಟಿಕೆಟ್ ಖರೀದ್ ಲಿಯಾ” ಅಂತ ಯಾವಳೋ ಒಬ್ಬಾಕಿ. ನಾವು ಬೀದರದವರು, ಹಿಂದಿ ಬರ್ತದ. ಆ ಹೊತ್ತಿಗೆ ಬರದಿದ್ರ ಚಲೋ ಇತ್ತು. ಮಾವ ಕಾರ್ಡ್ ತೆಗದು ಕಿಸೆದಾಗ ಇಟ್ಕೊಂಡ್ರು, ಒಂದು ಮಾತೂ ಆಡಲಿಲ್ಲ. ನನಗ ಇವತ್ತಿಗೂ ಕಣ್ಣಿಗೆ ಕಟ್ಟಿದಂಗ ಇರೋದು ಅದೇ, ಧ್ವಜ ಅಲ್ಲ.

ತಡಾ ಆಗಿದ್ದಕ್ಕ ಮ್ಯಾಲ, ಎಲ್ಲಾರಕ್ಕಿಂತ ಹಿಂದ ಜಾಗ ಸಿಕ್ತು. ಬೀಸಣಿಕಿ ಹಂಗ ತುರಾಯಿ ಇರೋ ಪಗಡಿ, ಹಣಿ ತನಕ ಎತ್ತೋ ಕಾಲು, ಎಲ್ಲಾ ಮುಂದಿನವರ ಮೊಬೈಲ್ ಪರದಾದಾಗ ನೋಡಿದ್ವಿ. 418 ಅಡಿ ಎತ್ತರದ ಇನ್ನೊಂದು ಧ್ವಜ ಅದ ಅಲ್ಲಿ, ಅದನ್ನ ಇಳಿಸಂಗಿಲ್ಲ. ಇಳಿಸೋದು ಗೇಟಿನ ಹತ್ತಿರಿಂದು, ಎರಡೂ ದೇಶದ್ದು ಕೂಡೇ ಇಳಿತಾವ. ಮಾವಗ ಗೊತ್ತಿಲ್ಲ, ಆ ಎತ್ತರದ್ದನ್ನೇ ನೋಡ್ಕೊಂತ ಕುಂತಿದ್ರು. ಎಲ್ಲಾ ಮುಗದು ಮಂದಿ ಎದ್ದ ಮ್ಯಾಲ “ಇನ್ನೂ ಇಳಿಸ್ಲೇ ಇಲ್ಲಲ್ಲವ್ವ?” ಅಂದ್ರು. ಏನ್ ಹೇಳಲಿ?

ಬಾರ್ಡರ್‌ನಾಗ ಮೊಬೈಲ್‌ಗೆ ಸಿಗ್ನಲ್ ಸಿಗಂಗಿಲ್ಲ, ಹೋಟೆಲ್‌ಗೆ ಬಂದು ಆ ಟೂರಿನಾಂವಗ ಫೋನ್ ಹಚ್ಚಿದೆ. ಅವನ ಮಾತು ಕೇಳ್ರಿ. ಮೊದಲು, “ಮೇಡಂ, ಪಾಸ್ ಅಂದ್ರ ಪಾಸ್ ಅಲ್ರೀ, ನಮ್ಮ ಕಡಿಂದ ಗೌರವದ ಕಾರ್ಡ್ ಅದು.” ಗೌರವ! ಆಮ್ಯಾಲ, “ಅದು ಸರ್ವಿಸ್ ಚಾರ್ಜ್ ರೀ.” ಯಾವ ಸರ್ವಿಸ್ ಅಂದ್ರ, “ಒಳಗ ಬಿಟ್ರಿಲ್ಲೋ? ಧ್ವಜ ಇಳೀತಿಲ್ಲೋ? ಮತ್ತೇನ್ರಿ?” ಬೀದರಕ್ಕ ಬಂದು ಎದುರಾ ಎದುರ ಕೇಳಿದಾಗ ಅಂದಿದ್ದು, “ನೀವು ಓದಿದವರು, ನೀವೇ ಚೆಕ್ ಮಾಡ್ಬೇಕಿತ್ತಲ್ರಿ ಟೀಚರ್.” ಇದು ಹತ್ತಿತು ನೋಡ್ರಿ ನನಗ. ಯಾಕಂದ್ರ ಖರೇ ಅದ. 1,000 ರೂಪಾಯಿ ವಾಪಸ್ ಹಾಕಿದ, ಉಳಿದಿದ್ದು ಕೇಳಿದ್ದಕ್ಕ ನಂಬರ್ ಬ್ಲಾಕ್ ಮಾಡ್ಯಾನ. ನಮ್ಮ ಮನಿಯವರು “ಬಿಡು, ದೋಸ್ತಗ ಬ್ಯಾಸರ ಆಗ್ತದ” ಅಂತಾರ. ನಾ ಬಿಡಂಗಿಲ್ಲ.

ಹೋಗವರು ಹೋಗ್ರಿ, ನೋಡುವಂಥದ್ದೇ ಅದ. ಆಧಾರ್ ಇಟ್ಕೋರಿ, ಬ್ಯಾಗ್ ಒಯ್ಯಬ್ಯಾಡ್ರಿ, ಭಾಳ ಮುಂಚೆ ಹೋಗ್ರಿ. ಮುಂಚೆನೇ ಹೆಸರು ಹಚ್ಚಬೇಕಂದ್ರ ಬಿಎಸ್‌ಎಫ್‌ನವರದೇ ವೆಬ್‌ಸೈಟ್ ಅದ, ಅದಕ್ಕೂ ರೊಕ್ಕ ಇಲ್ಲ. ವಯಸ್ಸಾದವರ ಹೆಸರು ಹೇಳಿ ರೊಕ್ಕ ಕೇಳವರ್ನ ಮನಿ ಒಳಗ ಬಿಟ್ಕೋಬ್ಯಾಡ್ರಿ, ಚಹಾ ಅಂತೂ ಬ್ಯಾಡೇ ಬ್ಯಾಡ.

ಇಷ್ಟೆಲ್ಲಾ ಇವತ್ತ ಯಾಕ ಬರೀಲಿಕತ್ತೀನಿ ಅಂದ್ರ, ನಮ್ಮ ಶಾಲಿ ಟೀಚರ್ ಒಬ್ಬಾಕಿ ನಿನ್ನೆ ಅವನ ವಾಟ್ಸಾಪ್ ಸ್ಟೇಟಸ್ ಕಳಸ್ಯಾಳ. ‘ದೀಪಾವಳಿ ಸ್ಪೆಷಲ್, ಅಮೃತಸರ, ಅಟ್ಟಾರಿ ವಿಐಪಿ ಪಾಸ್ ಸಮೇತ.’ ಕೆಳಗ ಫೋಟೋ. ಬೀದರ ಬಸ್ ಸ್ಟ್ಯಾಂಡ್‌ನಾಗ ಕೊಳ್ಳಾಗ ಕಾರ್ಡ್ ಹಾಕ್ಕೊಂಡು ನಕ್ಕೊಂತ ನಿಂತಾರ, ನಮ್ಮ ಮಾವ.