ಕ್ಯಾಂಡಲ್ ಮೇಲಿನ ಗುಳಿಯನ್ನು ಸುಮ್ನೆ ಮುಚ್ಚಬೇಡಿ, ಒಳಗೆ ಟೊಳ್ಳು ಇರುತ್ತದೆ

ಮನೆಯಲ್ಲಿ ಪ್ಯಾರಾಫಿನ್ ಕ್ಯಾಂಡಲ್ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಮಾಡಿಕೊಟ್ಟ ಕ್ಯಾಂಡಲ್ ಒಂದು ಗೆಳತಿಯ ಮನೆಯಲ್ಲಿ ಉರಿಯುತ್ತಿರುವಾಗಲೇ ಪಕ್ಕಕ್ಕೆ ಒಡೆದು, ಬಿಸಿ ಮೇಣವೆಲ್ಲ ಮೇಜಿನ ಬಟ್ಟೆ ಮೇಲೆ ಹರಿಯಿತು. ಅವಳು ಅಲ್ಲೇ ಕೂತಿದ್ದಳು, ತಕ್ಷಣ ಆರಿಸಿದಳು. ಒಳಗಿನ ಕೋಣೆಯಲ್ಲಿ ಇದ್ದಿದ್ದರೆ? ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ತಪ್ಪು ನನ್ನದೇ. ಅದು ದಪ್ಪನೆಯ, ಕಂಬದಂಥ ಕ್ಯಾಂಡಲ್. ಮೇಣ ಕರಗಿಸಿ ತಣ್ಣಗಿನ ಅಚ್ಚಿಗೆ ಸುರಿದೆ, ಬೇಗ ಗಟ್ಟಿಯಾಗಲಿ ಅಂತ ಫ್ರಿಜ್‌ನಲ್ಲಿಟ್ಟೆ. ಹೊರಗೆ ತೆಗೆದರೆ ಬತ್ತಿಯ ಸುತ್ತ ಗುಳಿ ಬಿದ್ದಿತ್ತು, ಮೈಮೇಲೆಲ್ಲ ಸೂಜಿ ಚುಚ್ಚಿದಂಥ ತೂತುಗಳು, ಅಡ್ಡಡ್ಡ ಬಳೆಯಂಥ ಗೆರೆಗಳು. ಬಿಸಿಗಾಳಿ ಊದುವ ಹೀಟ್ ಗನ್ ಹಿಡಿದು ಮೇಲ್ಭಾಗ ಕರಗಿಸಿದೆ. ಗುಳಿ ಮುಚ್ಚಿಕೊಂಡಿತು, ಮೈ ನುಣ್ಣಗಾಯಿತು, ಖುಷಿಯಿಂದ ಕೊಟ್ಟುಬಿಟ್ಟೆ.

ಗೆಳತಿ ಹೇಳಿದ್ದು ಹೀಗೆ: ಸುಮಾರು ಒಂದು ಗಂಟೆ ಚೆನ್ನಾಗಿಯೇ ಉರಿಯಿತಂತೆ, ಆಮೇಲೆ ಬತ್ತಿಯ ಸುತ್ತ ನಿಂತಿದ್ದ ಕರಗಿದ ಮೇಣ ಇದ್ದಕ್ಕಿದ್ದಂತೆ ಕೆಳಗಿಳಿದು ಮಾಯವಾಯಿತಂತೆ, ಬತ್ತಿ ಬರಿದಾಗಿ ಜ್ವಾಲೆ ಎತ್ತರಕ್ಕೆ ಎದ್ದಿತಂತೆ. ನನ್ನ ಹತ್ತಿರ ಅದೇ ದಿನ ಮಾಡಿದ ಇನ್ನೊಂದಿತ್ತು. ಚಾಕುವಿನಿಂದ ಉದ್ದಕ್ಕೆ ಸೀಳಿದೆ. ಮೇಲೆ ತೆಳ್ಳಗೆ ಒಂದು ಮುಚ್ಚಳ, ಅದರ ಕೆಳಗೆ ಬತ್ತಿಗೆ ಒತ್ತಿಕೊಂಡೇ ಕಿರುಬೆರಳು ತೂರುವಷ್ಟು ಪೊಟರೆ.

ಪ್ಯಾರಾಫಿನ್ ತಣಿಯುವಾಗ ಚೆನ್ನಾಗಿ ಕುಗ್ಗುತ್ತದೆ. ಅಂಚು ಮೊದಲು ಗಟ್ಟಿಯಾಗಿ ಒಳಗಿನ ಮೇಣವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ನಡುವೆ ಜಾಗ ಖಾಲಿಯಾಗುತ್ತದೆ. ಮೇಲೆ ಕಾಣುವ ಗುಳಿ ಅದರ ಬಾಯಿ ಅಷ್ಟೇ. ಫ್ರಿಜ್‌ನಲ್ಲಿಟ್ಟರೆ ಹೊರಗಿನ ಪದರ ಇನ್ನೂ ಬೇಗ ಬಿಗಿಯುತ್ತದೆ, ಟೊಳ್ಳೂ ಜಾಸ್ತಿ, ಬಿರುಕೂ ಜಾಸ್ತಿ.

ಈಗ ನಾನು ಮಾಡುವುದು ಹೀಗೆ. ಮೇಣದ ಪಾತ್ರೆಯನ್ನು ನೇರ ಬೆಂಕಿಗೆ ಇಡುವುದಿಲ್ಲ, ಬಿಸಿನೀರಿನ ಪಾತ್ರೆಯಲ್ಲಿಟ್ಟೇ ಕರಗಿಸುತ್ತೇನೆ. ಥರ್ಮಾಮೀಟರ್ ಇಲ್ಲದೆ ಕೈಹಾಕುವುದಿಲ್ಲ. ಕಂಬದ ಕ್ಯಾಂಡಲ್‌ಗೆ 80ರಿಂದ 85 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುರಿಯುತ್ತೇನೆ, ಅಚ್ಚನ್ನೂ ಸ್ವಲ್ಪ ಬೆಚ್ಚಗೆ ಮಾಡಿಕೊಂಡಿರುತ್ತೇನೆ. ಆ ಬಳೆಗೆರೆಗಳು ಬರುವುದು ಮೇಣವೋ ಅಚ್ಚೋ ತಣ್ಣಗಿದ್ದಾಗ. ಗಾಳಿಗುಳ್ಳೆ ಬಾರದಿರಲು ಅಚ್ಚನ್ನು ಓರೆ ಮಾಡಿ, ಗೋಡೆಗುಂಟ ನಿಧಾನವಾಗಿ ಸುರಿಯಿರಿ. ಮೇಣವನ್ನು ಗರಗರ ಕಲಕಬೇಡಿ. ಸುರಿದ ಒಂದೆರಡು ನಿಮಿಷಕ್ಕೆ ಅಚ್ಚಿನ ಪಕ್ಕಕ್ಕೆ ಮೆಲ್ಲಗೆ ತಟ್ಟಿದರೆ ಗುಳ್ಳೆಗಳು ಮೇಲೆದ್ದು ಬರುತ್ತವೆ. ಬತ್ತಿಯ ನೂಲಿನೊಳಗೂ ಗಾಳಿ ಇರುತ್ತದೆ, ಅದನ್ನು ಮೊದಲೇ ಕರಗಿದ ಮೇಣದಲ್ಲಿ ಗುಳ್ಳೆ ನಿಲ್ಲುವ ತನಕ ಅದ್ದಿ ಒಣಗಿಸಿಟ್ಟುಕೊಳ್ಳಿ. ಅಚ್ಚಿನಲ್ಲಿ ನೀರಿನ ಹನಿಯೂ ಇರಬಾರದು.

ಟೊಳ್ಳಿಗೆ ಮದ್ದು ಚುಚ್ಚುವುದು. ಮೇಲೆ ಕೆನೆಯಂಥ ಪದರ ಕಟ್ಟಿದ ಕೂಡಲೇ ತೆಳ್ಳನೆ ಕಡ್ಡಿಯಿಂದ ಬತ್ತಿಯ ಸುತ್ತ ಮೂರ್ನಾಲ್ಕು ಕಡೆ ಆಳಕ್ಕೆ ಚುಚ್ಚಿ. ತೂತು ಮುಚ್ಚಿಕೊಳ್ಳುತ್ತಿದ್ದರೆ ಮತ್ತೆ ಚುಚ್ಚಿ, ಇಲ್ಲಿ ಬೇಸರ ಮಾಡಿಕೊಳ್ಳಬೇಡಿ. ಕುಗ್ಗುವುದು ನಿಂತ ಮೇಲೆ, ಮೊದಲಿಗಿಂತ 3ರಿಂದ 5 ಡಿಗ್ರಿ ಜಾಸ್ತಿ ಬಿಸಿಯಿರುವ ಮೇಣದಿಂದ ಆ ತೂತುಗಳನ್ನು ತುಂಬಿ, ಆದರೆ ಮೊದಲು ಸುರಿದ ಮಟ್ಟವನ್ನು ದಾಟಿಸಬೇಡಿ. ದಾಟಿದರೆ ಅಚ್ಚಿಗೂ ಕ್ಯಾಂಡಲ್‌ಗೂ ನಡುವೆ ಮೇಣ ಇಳಿದು ಮೈ ಹಾಳಾಗುತ್ತದೆ, ಅಚ್ಚಿನಿಂದ ಬಿಡಿಸುವುದೂ ಕಷ್ಟ. ರಾತ್ರಿಯಿಡೀ ಹಾಗೇ ಬಿಡಿ, ಫ್ರಿಜ್ ಬೇಡ.

ಇನ್ನೊಂದು ಮಾತು, ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ, ಉರಿಯುವ ಮೇಣ ಸಿಡಿದು ಸುತ್ತಲೂ ಹಾರುತ್ತದೆ. ಒಲೆ ಆರಿಸಿ, ಪಾತ್ರೆಗೆ ಮುಚ್ಚಳ ಮುಚ್ಚಿ.

ಆ ದಿನದ ಕ್ಯಾಂಡಲ್ ಯಾರ‍್ಯಾರಿಗೆ ಕೊಟ್ಟಿದ್ದೆನೋ ಅವರಿಗೆಲ್ಲ ಫೋನ್ ಮಾಡಿ, ಹಚ್ಚಬೇಡಿ ಅಂತ ಹೇಳಿ ವಾಪಸ್ ತಂದೆ. ಐದನ್ನೂ ಸೀಳಿ ನೋಡಿದೆ. ನಾಲ್ಕು ಟೊಳ್ಳು. ಮೇಲಿನಿಂದ ನೋಡಿದರೆ ಐದೂ ಒಂದೇ ಥರ ಇದ್ದವು.